ಮಡಿಲಿಗೆ ಬಿದ್ದ ಕಾರು

ಕಿರುಗಾವಲಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ರಾಮಲಿಂಗಯ್ಯನವರಿಗೆ ಮಗಳೂ ಒಬ್ಬಳೇ, ಕಾರೂ ಒಂದೇ. ಎರಡರಲ್ಲಿ ಯಾವುದರ ಮೇಲೆ ಪ್ರೀತಿ ಹೆಚ್ಚು ಎಂದು ಯಾರೂ ಕೇಳಿರಲಿಲ್ಲ. ಕೇಳದೆ ಇದ್ದದ್ದು ಒಳ್ಳೆಯದೇ ಆಯಿತು. ಮಗಳು ಯಾವ ಕ್ಲಾಸು ಎಂದರೆ ಹೆಂಡತಿಯ ಮುಖ ನೋಡುತ್ತಿದ್ದ ಮನುಷ್ಯ, ಕಾರಿಗೆ ಆಯಿಲ್ ಯಾವಾಗ ಬದಲಿಸಿದ್ದು ಎಂದರೆ ತಿಥಿ ವಾರ ಸಮೇತ ಹೇಳುತ್ತಿದ್ದರು. ಬಿಳಿಯ ಡೀಸೆಲ್ ಕಾರು. ಅಂಗಡಿ ಮುಂದಿನ ಹೊಂಗೆಮರದ ನೆರಳು ಅದಕ್ಕೇ ಮೀಸಲು; ಗೊಬ್ಬರಕ್ಕೆ ಬಂದ ರೈತರು ಬಿಸಿಲಿನಲ್ಲಿ ನಿಲ್ಲಬೇಕು. ಯಾರಾದರೂ ಬಾನೆಟ್ಟಿಗೆ ಒರಗಿದರೋ, "ಲೇ, ಅದೇನ್ ನಿಮ್ಮಪ್ಪನ ಮನೆ ಜಗಲಿ ಅಂದ್ಕಂಡ್ಯೇನ್ಲಾ?" ಎಂದು ಒಳಗಿನಿಂದ ಕೂಗು ಬರುತ್ತಿತ್ತು. ಮಗಳು ನಿಖಿತಾ ಕಾಲೇಜಿನಲ್ಲಿದ್ದಾಗ ಒಮ್ಮೆ ಸ್ಟೇರಿಂಗ್ ಹಿಡಿಯುತ್ತೇನೆಂದು ಕೇಳಿದಳು. "ಗೇರು ಮುರ್ದಾಕ್ತೀಯ, ಸುಮ್ಕಿರವ್ವ" ಎಂದುಬಿಟ್ಟರು. ಅವಳು ಮಳವಳ್ಳಿಯ ಡ್ರೈವಿಂಗ್ ಸ್ಕೂಲಿಗೆ ಹೋಗಿ ಯಾರದೋ ಕಾರಿನಲ್ಲಿ ಕಲಿತಳು.

ಇಂಥವರ ನೆಮ್ಮದಿಗೆ ಕಲ್ಲು ಹಾಕಿದವನು ಎದುರಿನ ಟೀ ಅಂಗಡಿಯ ಜಯಪ್ರಕಾಶ್. ಟೀ ಮಾಡುವುದಕ್ಕಿಂತ ಮೊಬೈಲ್ ನೋಡುವುದೇ ಅವನ ಮುಖ್ಯ ಕಸುಬು.

"ರಾಮಲಿಂಗಣ್ಣ, ಡೆಲ್ಲಿಲಿ ಅಳೇ ಡೀಸೆಲ್ ಗಾಡಿಗಳ್ನ ರೋಡಿಗೇ ಬುಡಕ್ಕಿಲ್ವಂತೆ!"

"ಡೆಲ್ಲಿಲಿ ತಾನೆ? ನಮ್ಗೇನ್ಲಾ?"

"ಇವತ್ತು ಡೆಲ್ಲಿ, ನಾಳೆ ಬೆಂಗ್ಳೂರು, ನಾಳಿದ್ದು ಮಂಡ್ಯ. ಅಲ್ಲಿಂದ ಕಿರುಗಾವಲಿಗೆ ಬರಕ್ಕೆ ಬಸ್ಸಿಲ್ವಾ?"

ಅವತ್ತಿನಿಂದ ರಾಮಲಿಂಗಯ್ಯನವರಿಗೆ ಊಟ ರುಚಿಸಲಿಲ್ಲ. ಕಾರಿಗೆ ಹದಿನೈದು ವರ್ಷ ತುಂಬಲು ಒಂದೂವರೆ ವರ್ಷವಷ್ಟೇ ಬಾಕಿ ಇತ್ತು. ಕಂಡಕಂಡವರನ್ನು ಕೇಳಿದರು. ಹದಿನೈದು ತುಂಬಿದ ದಿನವೇ ಪೊಲೀಸರು ಎಳೆದುಕೊಂಡು ಹೋಗುತ್ತಾರೆ ಎಂದ ಒಬ್ಬ. ಎಫ್‌ಸಿ ಮಾಡಿಸಿ, ಹಸಿರು ತೆರಿಗೆ ಕಟ್ಟಿದರೆ ಇನ್ನೈದು ವರ್ಷ ಓಡಿಸಬಹುದು ಎಂದ ಇನ್ನೊಬ್ಬ. ಡೀಸೆಲ್ಲನ್ನೇ ನಿಲ್ಲಿಸುತ್ತಾರಂತೆ, ಎಲ್ಲ ಕರೆಂಟಿನ ಕಾರೇ ಅಂತೆ ಎಂದ ಮತ್ತೊಬ್ಬ. ಅವನ ಮನೆಯಲ್ಲಿ ಬಲ್ಬಿಗೇ ಕರೆಂಟಿರಲಿಲ್ಲ. ಮುಂದೆ ಏನು ಮಾಡುತ್ತೇವೆಂದು ಸರ್ಕಾರಕ್ಕೇ ಖಚಿತವಿರಲಿಲ್ಲ. ಮಳವಳ್ಳಿ ತಾಲ್ಲೂಕಿನ ಟೀ ಅಂಗಡಿಗಳಿಗೆ ಮಾತ್ರ ಎಲ್ಲವೂ ಗೊತ್ತಿತ್ತು.

ಬೆಲೆ ಇರುವಾಗಲೇ ಮಾರಿಬಿಡೋಣ ಎಂದು ಮಂಡ್ಯದ ಹಳೇ ಕಾರಿನ ವ್ಯಾಪಾರಿಯ ಹತ್ತಿರ ತೆಗೆದುಕೊಂಡು ಹೋದರು. ಅವನು ಕಾರನ್ನು ಒಂದು ಸುತ್ತು ಸುತ್ತಿದ, ಟೈರನ್ನು ಕಾಲಿನಿಂದ ಒದ್ದ. "ಡೀಸೆಲ್ಲಾ?" ಎಂದ. "ಹೌದು" ಎಂದರು. ಊಟಕ್ಕೆ ಹೊತ್ತಾಯಿತು ಎಂದು ಒಳಗೆ ಹೋದವನು ಹೊರಗೆ ಬರಲೇ ಇಲ್ಲ. ವರ್ಷಗಟ್ಟಲೆ ಕಾರು ನೋಡಿಕೊಂಡಿದ್ದ ಮಳವಳ್ಳಿಯ ಮೆಕ್ಯಾನಿಕ್ ಸಿದ್ದರಾಜು ನಿಜ ಹೇಳಿದ: "ಎಂಜಿನ್ ಕಲ್ಲಿದ್ದಂಗದೆ ಅಣ್ಣ. ಆದ್ರೆ ಯಾರೂ ತಗಳಲ್ಲ. ನಾಳೆ ಏನಾಯ್ತದೋ ಅಂತ ಎಲ್ರಿಗೂ ಭಯ." ಕಣ್ಣಿಗೊತ್ತಿಕೊಂಡು ಸಾಕಿದ ಕಾರು ಕಣ್ಣೆದುರೇ ಗುಜರಿಯಾಗುತ್ತಿದೆಯಲ್ಲ ಎಂದು ರಾಮಲಿಂಗಯ್ಯನವರ ಹೊಟ್ಟೆ ಉರಿಯಿತು.

ಅದೇ ಸಮಯಕ್ಕೆ ಮಗಳಿಗೆ ಮದ್ದೂರಿನ ಸಂಬಂಧ ಕೂಡಿಬಂತು. ಹುಡುಗನ ಹೆಸರು ಸ್ವಾಮಿ. ಅವನ ತಂದೆ ಚಲುವರಾಜು ಎಳನೀರು ವ್ಯಾಪಾರಿ. ಲಾರಿಗಟ್ಟಲೆ ಎಳನೀರು ಹೊರರಾಜ್ಯಕ್ಕೆ ಕಳಿಸುವವರು. ನಿಖಿತಾ ಆಗಲೇ ಮಳವಳ್ಳಿಯ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು. ಮದುವೆಯಾದ ಮೇಲೂ ಕೆಲಸ ಬಿಡುವುದಿಲ್ಲ ಎಂದು ಹುಡುಗನಿಗೆ ಮೊದಲೇ ಹೇಳಿದ್ದಳು. ಸ್ವಾಮಿ "ಆಯ್ತು" ಎಂದಿದ್ದ. ಅವನು ಯಾರು ಏನು ಹೇಳಿದರೂ "ಆಯ್ತು" ಎನ್ನುವ ಹುಡುಗ ಎಂಬುದು ಆಮೇಲೆ ಗೊತ್ತಾಗಬೇಕಿತ್ತು.

ಮಾತುಕತೆಯ ದಿನ ಚಲುವರಾಜು ಗಂಟಲು ಸರಿಮಾಡಿಕೊಂಡರು.

"ನೋಡಿ ಬೀಗ್ರೆ, ವರದಕ್ಷಿಣೆ ಗಿರದಕ್ಷಿಣೆ ಅನ್ನೋ ಮಾತೇ ಬ್ಯಾಡಿ. ನಾವ್ ಅಂತೋರಲ್ಲ. ಆದ್ರೆ ನಿಮ್ ಮಗಳು ಮದ್ದೂರಿಂದ ಮಳವಳ್ಳಿಗೆ ದಿನಾ ಕೆಲ್ಸಕ್ಕೆ ಓಯ್ತೀನಿ ಅಂತವ್ಳೆ. ನಮ್ಮನೆ ಸೊಸೆ ಬಸ್ಸಲ್ಲಿ ನಿಂತ್ಕಂಡು ಓದ್ರೆ ಮಂದಿ ಏನಂದಾರು? ಅವಳಿಗೇ ಅಂತ ಒಂದು ಕಾರು ಕೊಟ್ಬುಡಿ. ನಮಗಲ್ಲ, ನಿಮ್ ಮಗಳಿಗೆ."

ಈ "ನಮಗಲ್ಲ, ನಿಮ್ಮ ಮಗಳಿಗೆ" ಎಂಬ ಮಾತಿಗೆ ನಮ್ಮ ಕಡೆ ಅರ್ಥವೇನೆಂದು ತೊಟ್ಟಿಲ ಮಗುವಿಗೂ ಗೊತ್ತು. ಚಲುವರಾಜು ಆಗಲೇ ಮನೆ ಪಕ್ಕದ ಶೆಡ್ಡಿನಿಂದ ಕಾಯಿರಾಶಿ ತೆಗೆಸಿದ್ದರು. ಸ್ವಾಮಿ ಬಣ್ಣವನ್ನೂ ಆರಿಸಿಕೊಂಡಿದ್ದ.

ರಾಮಲಿಂಗಯ್ಯನವರು ಮಾತ್ರ ಆ ಮಾತನ್ನು ಅಕ್ಷರ ಅಕ್ಷರ ತೂಗಿ ನೋಡಿದರು. ಬೀಗರು ಒಂದು ಕಾರು ಎಂದರು. ಹೊಸದು ಎನ್ನಲಿಲ್ಲ. ಬಹಳ ದಿನದ ಮೇಲೆ ಅವರ ಮುಖದಲ್ಲಿ ಕಳೆ ಬಂತು. "ಕೊಡವಾ ಬುಡಿ ಬೀಗ್ರೆ, ಅದೇನ್ ದೊಡ್ ಇಸ್ಯ" ಎಂದರು.

ಮದ್ದೂರಿನಿಂದ ವಾಪಸು ಬರುವಾಗ ಹೆಂಡತಿ ಜಯಲಕ್ಷ್ಮಮ್ಮ ಕೇಳಿದರು: "ಯಾವ ಕಾರ್ ಕೊಡವಾ ಅಂತ?"

"ಕುಂತಿದ್ದೀಯಲ್ಲ, ಇದೇ."

ಜಯಲಕ್ಷ್ಮಮ್ಮ ಸೀಟನ್ನು ಒಮ್ಮೆ ಸವರಿ ನೋಡಿದರು. ಆಮೇಲೆ, "ನಿಮ್ಗೆ ಮಾನ ಮರ್ವಾದೆ ಏನಾದ್ರೂ ಅದಾ? ಯಾರೂ ಮೂಸಿ ನೋಡ್ದೆ ಇರೋದ್ನ ಮಗಳ ಕೊರಳಿಗೆ ಕಟ್ತೀರಾ?" ಎಂದರು.

"ಯಾರೂ ಮೂಸದೆ ಇರೋದಲ್ಲ ಕಣೆ, ನಾನ್ ಸಾಕಿರೋದು."

"ಅವರು ಬ್ಯಾಡ ಅಂತ ವಾಪಸ್ ಕಳ್ಸುದ್ರೆ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಮನೆ ತಲುಪುವ ಹೊತ್ತಿಗೆ ರಾಮಲಿಂಗಯ್ಯನವರ ತಲೆಗೆ ಒಂದು ಉಪಾಯ ಹೊಳೆದಿತ್ತು. ಮಡಲಕ್ಕಿ! ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಅವಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಬಳೆ ತುಂಬುತ್ತಾಳೆ. ಮಡಿಲಿಗೆ ಒಮ್ಮೆ ಬಿದ್ದದ್ದು ಮಗಳದೇ. ತವರಿನವರು ಅದನ್ನು ವಾಪಸು ಕೇಳುವಂತಿಲ್ಲ, ಗಂಡನ ಮನೆಯವರು ಬೇಡ ಎನ್ನುವಂತಿಲ್ಲ. ಬೇಡ ಎಂದರೆ ಲಕ್ಷ್ಮಿಯನ್ನೇ ಬೇಡ ಎಂದಂತೆ. ಅಕ್ಕಿಯ ನಡುವೆ ಕೀ ಇಟ್ಟುಬಿಟ್ಟರೆ ಕಥೆ ಮುಗಿಯಿತು. ಹಿರಿಯರು ಹೆಣ್ಣುಮಕ್ಕಳ ಮೇಲಿನ ಅಕ್ಕರೆಯಿಂದ ಮಾಡಿಟ್ಟ ಶಾಸ್ತ್ರವನ್ನು ಗುಜರಿ ಸಾಗಹಾಕಲು ಬಳಸಿದ ಮೊದಲಿಗರು ಇವರೇ ಇರಬೇಕು.

ಸಿದ್ದರಾಜು ಕಾರಿಗೆ ಬಣ್ಣ ಹೊಡೆದ, ಸೀಟಿಗೆ ಹೊಸ ಬಟ್ಟೆ ಹಾಕಿದ. ಮದುವೆ ಮಳವಳ್ಳಿಯ ಛತ್ರದಲ್ಲಿ ನಡೆಯಿತು. ಮಡಲಕ್ಕಿ ತುಂಬುವಾಗ ಜಯಲಕ್ಷ್ಮಮ್ಮ ಕಣ್ಣೀರು ಹಾಕಿದರು. ಹೆಂಗಸರು ಮಗಳನ್ನು ಕಳಿಸುವ ಸಂಕಟ ಎಂದುಕೊಂಡರು; ಅದರಲ್ಲಿ ಅರ್ಧ ನಾಚಿಕೆಯದು. ಅತ್ತೆ ಇಂದ್ರಮ್ಮ ಸೊಸೆಯ ಸೆರಗು ಸರಿಮಾಡಲು ಹೋದಾಗ ಅಕ್ಕಿಯಲ್ಲಿ ಏನೋ ಗಟ್ಟಿಯಾಗಿ ಕೈಗೆ ತಾಗಿತು. ತೆಗೆದು ನೋಡಿ, "ಅಯ್ಯೋ, ಕಾರಿನ್ ಕೀ ಕಣ್ರವ್ವ! ಮಡ್ಲಕ್ಕಿಲೇ ಕಾರ್ ಕೊಟ್ಟವ್ರೆ ನಮ್ ಬೀಗ್ರು!" ಎಂದು ಛತ್ರಕ್ಕೆಲ್ಲ ಕೇಳುವಂತೆ ಸಾರಿದರು. ರಾಮಲಿಂಗಯ್ಯನವರು ಕಂಬದ ಹಿಂದೆ ನಿಂತು ದೇವರಿಗೆ ಕೈಮುಗಿದರು. ಬೀಗಿತ್ತಿಯೇ ಬಾಯಿಬಿಟ್ಟು ಒಪ್ಪಿಕೊಂಡ ಮೇಲೆ ಇನ್ನೇನು ಭಯ?

ಸ್ವಾಮಿ ಬಾಸಿಂಗ ಕಟ್ಟಿಕೊಂಡೇ ಹೊರಗೆ ಓಡಿದ. ಯಾರೋ ನೆಂಟರದು ಹೊಸ ಕೆಂಪು ಕಾರು ನಿಂತಿತ್ತು. ಅದರ ಮುಂದೆ ನಿಂತು ಕೀಯನ್ನು ಒತ್ತಿದ, ತಿರುಗಿಸಿದ, ಮತ್ತೆ ಒತ್ತಿದ. ಒತ್ತಲು ಅದರಲ್ಲಿ ಗುಂಡಿಯೇ ಇರಲಿಲ್ಲ.

"ಅದಲ್ಲ ಕಣ್ಲಾ, ಅಗಾ, ಹೂವಿನ ಆರ ಆಕವ್ರಲ್ಲ ಆ ಬಿಳೀದು!" ಎಂದ ಕಿರುಗಾವಲಿನವನೊಬ್ಬ.

ಅದೇ ಊರಿನ ಅಜ್ಜಿ ಪಟ್ಟಲಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ನಮ್ ಮೊಮ್ಮಗನ ನಾಮಕರಣಕ್ಕೆ ಬಂದಿದ್ ಕಾರಲ್ವಾ ಇದು? ಅವನೀಗ ಒಂಬತ್ತನೇ ಕ್ಲಾಸು ಫೇಲಾಗವ್ನೆ."

ಚಲುವರಾಜು ಕಾರಿನ ಸುತ್ತ ಒಂದು ಸುತ್ತು ಬಂದರು. ಮುಖ ಹುಣಸೆಹಣ್ಣು ತಿಂದಂತಾಗಿತ್ತು. ಬೇಡ ಎಂದರೆ ಮಡಲಕ್ಕಿ ಬೇಡ ಎಂದಂತೆ. ಹೊಸದು ಕೊಡಿ ಎಂದರೆ ವರದಕ್ಷಿಣೆ ಕೇಳಿದಂತೆ. ನಮಗಲ್ಲ ಎಂದು ಹೇಳಿದ್ದು ತಮ್ಮದೇ ಬಾಯಿ. "ಚಂದಾಗದೆ" ಎಂದು ಹೇಳಿ ಒಳಗೆ ಹೋದರು. ರಾಮಲಿಂಗಯ್ಯನವರು ತಡಮಾಡದೆ ಮರುವಾರವೇ ಕಾರನ್ನು ಮಗಳ ಹೆಸರಿಗೆ ಬರೆಸಿಬಿಟ್ಟರು. ಅಂಗಡಿ ಮುಂದಿನ ಹೊಂಗೆ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು.

ಆದರೆ ಎಳನೀರು ವ್ಯಾಪಾರಿಯೆಂದರೆ ಸುಮ್ಮನೆ ಆಗುತ್ತದೆಯೇ? ಬೀಗರೂಟದ ದಿನ ಚಲುವರಾಜು ತಾವೇ ನಿಂತು ರಾಮಲಿಂಗಯ್ಯನವರ ಎಲೆಗೆ ಮಾಂಸ ಬಡಿಸಿದರು. ಅವರ ಬಾಯಿ ತುಂಬುವವರೆಗೆ ಕಾದು, ಪಂಕ್ತಿಗೆಲ್ಲ ಕೇಳುವಂತೆ ಹೇಳಿದರು:

"ಬೀಗ್ರು ಮಡ್ಲಿಗೆ ಆಕಿರೋ ಕಾರು ನಮ್ ಸೊಸೇದು. ನಾವಾಗ್ಲಿ ನಮ್ ಮಗನಾಗ್ಲಿ ಅದ್ನ ಮುಟ್ಟಕ್ಕಿಲ್ಲ. ಅದ್ರ ಟೈರು, ರಿಪೇರಿ, ಎಲ್ಲಾ ತವರಿನೋರ್ದೇ. ಮಗಳ ಮಡ್ಲು ಬರಿದಾಗ್ದಂಗೆ ನೋಡ್ಕಳದು ಅವರ ಧರ್ಮ. ಏನಂತೀರಪ್ಪ?"

ಮೂಳೆ ಚೀಪುತ್ತಿದ್ದವರೆಲ್ಲ ಹೌದು ಹೌದು ಎಂದು ತಲೆ ಆಡಿಸಿದರು. ರಾಮಲಿಂಗಯ್ಯನವರು ತುತ್ತು ನುಂಗಿ ಬಾಯಿ ಖಾಲಿ ಮಾಡಿಕೊಳ್ಳುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು.

ಅಲ್ಲಿಂದ ಶುರುವಾಯಿತು ಫೋನು. "ಅಪ್ಪಾ, ದೊಡ್ಡಿ ಹತ್ರ ಕಾರ್ ನಿಂತೋಗದೆ." "ಅಪ್ಪಾ, ಸೆಲ್ಫ್ ತಗತಿಲ್ಲ." "ಅಪ್ಪಾ, ಹ್ಯಾಂಡ್‌ಬ್ರೇಕ್ ನಿಲ್ತಿಲ್ಲ, ಗಾಲಿಗೆ ಕಲ್ ಮಡಗಿವ್ನಿ." ಅಂಗಡಿಗೆ ಬೀಗ ಹಾಕಿ ರಾಮಲಿಂಗಯ್ಯನವರು ಬಸ್ಸು ಹತ್ತಬೇಕು, ಮಳವಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. "ಏನ್ ಯಜಮಾನ್ರೆ, ಕಾರೆಲ್ಲಿ?" ಎಂದು ಕಂಡಕ್ಟರು ಕೇಳಿದಾಗಲೆಲ್ಲ ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದರು. ಮದ್ದೂರು-ಮಳವಳ್ಳಿ ದಾರಿಯ ದೊಡ್ಡಿ ಎಂಬ ಊರಿನ ಬಳಿ ಕಬ್ಬಿನ ಟ್ರಾಕ್ಟರುಗಳ ಸಾಲಿನ ಪಕ್ಕ ಮಗಳು ಸೀರೆ ಎತ್ತಿಕಟ್ಟಿಕೊಂಡು ಬಾನೆಟ್ ಎತ್ತಿ ನಿಂತಿರುತ್ತಿದ್ದಳು. ಇವರು ಗೊಣಗುತ್ತ ರಿಪೇರಿ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಗೊಣಗಾಟದಲ್ಲಿ ಮುಳುಗಿದ್ದವರಿಗೆ ಅವಳು ನೋಡಿ ಕಲಿಯುತ್ತಿದ್ದಾಳೆ ಎಂಬುದು ಹೊಳೆಯಲಿಲ್ಲ. ಬರಬರುತ್ತ ಫೋನು ಕಡಿಮೆಯಾದದ್ದನ್ನೂ ಗಮನಿಸಲಿಲ್ಲ.

ಹದಿನೈದು ವರ್ಷ ತುಂಬುವ ತಿಂಗಳು ಬಂತು. ಮಂಡ್ಯದ ಆರ್‌ಟಿಒ ಕಚೇರಿಯಲ್ಲಿ ಕಾರು ತೋರಿಸಬೇಕು. ಪಾಸಾದರೆ ಐದು ವರ್ಷ, ಫೇಲಾದರೆ ಗುಜರಿ. ಒಂದು ಸಂಜೆ ಚಲುವರಾಜು ತಾವಾಗಿಯೇ ಕಿರುಗಾವಲಿಗೆ ಬಂದರು. ಲಾರಿಯಲ್ಲಿ ಬಂದು, ಎರಡು ಗೊನೆ ಎಳನೀರು ಇಳಿಸಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಬೀಗ್ರೆ, ನಮ್ ನಿಮ್ ನಡುವೆ ಆಗಿದ್ದು ಆಗೋಯ್ತು. ಈ ಕಾರು ಫೇಲಾದ್ರೆ ಇಬ್ರಿಗೂ ಒಳ್ಳೇದು. ಕಾರಿಲ್ಲ ಅಂದ್ರೆ ಸೊಸೆ ಕೆಲ್ಸ ಇಲ್ಲ. ಕೆಲ್ಸ ಇಲ್ಲ ಅಂದ್ಮೇಲೆ ಒಸ ಕಾರೂ ಬ್ಯಾಡ, ನಾವೂ ಕೇಳಕ್ಕಿಲ್ಲ. ನಿಮ್ಗೆ ಅಲೆದಾಟ ತಪ್ಪಿತು. ನಮ್ ಇಂದ್ರಿಗೂ ಮಂಡಿನೋವು, ಮನೇಲಿ ಒಂದ್ ಕೈ ಆಯ್ತು."

ರಾಮಲಿಂಗಯ್ಯನವರ ಕಣ್ಣ ಮುಂದೆ ಮಗಳು ಬರಲಿಲ್ಲ, ಕಂಡಕ್ಟರು ಬಂದ. "ಅದೂ ಸರಿಯೇ" ಎಂದರು. ಮಗಳ ಕೆಲಸ ಎಂಬುದು ಆ ಸಂಜೆ ಎರಡು ಗೊನೆ ಎಳನೀರಿಗೆ ಹೋಯಿತು. ಒಳಗೆ ಕಾಫಿ ಸೋಸುತ್ತಿದ್ದ ಜಯಲಕ್ಷ್ಮಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಬೀಗರಿಗೆ ಕಾಫಿ ಕೊಟ್ಟು, ಗಂಡನಿಗೆ ಕೊಡಲಿಲ್ಲ.

ತಪಾಸಣೆಯ ದಿನ ಬೀಗರಿಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಮಂಡ್ಯಕ್ಕೆ ಬಂದು ಸೇರಿದರು. ನಿಖಿತಾ ಒಬ್ಬಳೇ ಕಾರು ಓಡಿಸಿಕೊಂಡು ಬಂದಳು. ಇಬ್ಬರೂ ಜೊತೆಯಾಗಿ ನಿಂತದ್ದನ್ನು ಕಂಡು ಅವಳಿಗೆ ಆಶ್ಚರ್ಯವಾಗಲಿಲ್ಲ. "ಬಂದ್ರಾ?" ಎಂದಳು, ಅಷ್ಟೇ. ಅವಳು ಕಾಗದಪತ್ರ ಹಿಡಿದು ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಾಗ ರಾಮಲಿಂಗಯ್ಯನವರು ಮೈದಾನದಲ್ಲಿದ್ದ ಇನ್‌ಸ್ಪೆಕ್ಟರ್ ಬಳಿಗೆ ಹೋದರು. ಅರ್ಪಿತ ಎಂಬ ಸಣ್ಣ ವಯಸ್ಸಿನ ಹೆಣ್ಣುಮಗಳು. ಬಿಸಿಲಿಗೆ ಟೋಪಿ ಹಾಕಿಕೊಂಡು ಲಾರಿಯೊಂದರ ಲೈಟು ನೋಡುತ್ತಿದ್ದರು.

"ಮೇಡಂ, ಆ ಬಿಳೀ ಕಾರು ಬತ್ತದಲ್ಲ, ಅದ್ನ ವಸಿ ಫೇಲ್ ಮಾಡ್ಕೊಡಿ" ಎಂದು ಕೈಮುಗಿದರು.

ಇನ್‌ಸ್ಪೆಕ್ಟರು ತಿರುಗಿದರು. "ಏನಂದ್ರಿ?"

"ಫೇಲು, ಮೇಡಂ. ಅಳೇ ಡೀಸೆಲ್ಲು. ಒಗೆ ಉಗುಳ್ತದೆ, ಹ್ಯಾಂಡ್‌ಬ್ರೇಕ್ ನಿಲ್ಲಲ್ಲ. ನಂಗೊತ್ತು, ನಾನೇ ಸಾಕಿರೋದು."

"ದಿನಾ ಪಾಸ್ ಮಾಡಿ ಅಂತ ಬರ್ತಾರೆ. ಫೇಲ್ ಮಾಡಿ ಅಂತ ಬಂದೋರು ನೀವೇ ಮೊದಲು. ಗಾಡಿ ಹೆಂಗಿದ್ಯೋ ಹಂಗೇ ಬರೀತೀನಿ. ಆ ಕಡೆ ನಿಂತ್ಕೊಳ್ಳಿ."

ನಿಂತುಕೊಂಡರು. ಅವರಿಗೇನೂ ಚಿಂತೆ ಇರಲಿಲ್ಲ. ಹ್ಯಾಂಡ್‌ಬ್ರೇಕಿನ ಮೇಲೆ ಅವರಿಗೆ ಪೂರ್ಣ ನಂಬಿಕೆ ಇತ್ತು. ಚಲುವರಾಜು ಪಕ್ಕಕ್ಕೆ ಬಂದು, "ಏನಂದ್ರು?" ಎಂದು ಪಿಸುಗುಟ್ಟಿದರು. "ಆಯ್ತದೆ" ಎಂದರು ರಾಮಲಿಂಗಯ್ಯ.

ನಿಖಿತಾ ಕೀ ತಿರುಗಿಸಿದಳು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಗುಡುಗಲಿಲ್ಲ, ನಡುಗಲಿಲ್ಲ. ರಾಮಲಿಂಗಯ್ಯನವರ ಎದೆ ತನಗೆ ತಾನೇ ಉಬ್ಬಿತು. ನೋಡಿದ್ರಾ ಬೀಗ್ರೆ ಎನ್ನಲು ಬಾಯಿ ತೆರೆದವರು ನೆನಪಾಗಿ ಮುಚ್ಚಿಕೊಂಡರು. ಹೊಗೆ ಕೊಳವೆಗೆ ಯಂತ್ರ ಇಟ್ಟರು. ಆಕ್ಸಿಲರೇಟರ್ ಒತ್ತಿಸಿದರು. ಕಪ್ಪು ಹೊಗೆ ಬರಲಿಲ್ಲ. ಲೈಟು, ಹಾರನ್ನು, ವೈಪರು ಎಲ್ಲ ಸರಿ. ಕೊನೆಗೆ ಇಳಿಜಾರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಲು ಹೇಳಿದರು. ಬೀಗರಿಬ್ಬರೂ ಒಂದು ಹೆಜ್ಜೆ ಮುಂದೆ ಬಂದರು. ಕಾರು ಬೇರು ಬಿಟ್ಟಂತೆ ನಿಂತಿತು.

"ಚೆನ್ನಾಗಿ ಇಟ್ಕೊಂಡಿದ್ದೀರ" ಎಂದರು ಇನ್‌ಸ್ಪೆಕ್ಟರು. "ಐದು ವರ್ಷಕ್ಕೆ ಬರೀತೀನಿ. ಅದಾದ್ಮೇಲೆ ಕಾನೂನು ಏನಿರುತ್ತೋ ನನಗೂ ಗೊತ್ತಿಲ್ಲ." ಸಹಿ ಹಾಕುತ್ತ ತಲೆ ಎತ್ತದೆ ಕೇಳಿದರು: "ಅಲ್ಲಿ ನಿಂತಿರೋರು ನಿಮ್ಮ ಕಡೆಯೋರಾ? ಫೇಲ್ ಮಾಡಿ ಅಂತ ಬಂದಿದ್ರು."

"ನಮ್ಮಪ್ಪ" ಎಂದಳು ನಿಖಿತಾ. "ಗೊತ್ತು ಮೇಡಂ. ನಮ್ಮವ್ವ ಫೋನ್ ಮಾಡಿದ್ಲು."

ಕಾರನ್ನು ಬೀಗರ ಮುಂದೆಯೇ ತಂದು ನಿಲ್ಲಿಸಿದಳು. ಕಿಟಕಿಯ ಗಾಜು ಇಳಿಸಿದಳು.

"ಹ್ಯಾಂಡ್‌ಬ್ರೇಕು ಎಂಗವ್ವ ನಿಂತ್ಕತ್ತು?" ಎಂದರು ರಾಮಲಿಂಗಯ್ಯ.

"ಸಿದ್ದರಾಜಣ್ಣನ ಹತ್ರ ಮಾಡ್ಸಿದೆ. ಒಗೇದೂ ಅವರೇ ಮಾಡಿದ್ರು. ನನ್ ಸಂಬಳದಲ್ಲಿ." ಅವಳ ದನಿ ಏರಲಿಲ್ಲ. "ಅಪ್ಪ, ನೀನ್ ಈ ಕಾರ್ನ ನನ್ ಮಡ್ಲಿಗೆ ಯಾಕ್ ಆಕ್ದೆ ಅಂತ ಅವತ್ತೇ ಗೊತ್ತಿತ್ತು. ನಿಂಗೆ ಬ್ಯಾಡಾಗಿತ್ತು. ಇವರ್ಗೂ ಬ್ಯಾಡಾಯ್ತು. ಮದ್ವೇಲಿ ಆಕಿದ್ ಒಡವೆ ಎಲ್ಲಾ ಅತ್ತೆ ಬೀರೂಲಿ ಅದೆ. ಒಸ ಕಾರ್ ಕೊಟ್ಟಿದ್ರೆ ಅದ್ರ ಕೀ ಅವತ್ತು ಸಾಯಂಕಾಲಕ್ಕೇ ಮಾವನ ಜೇಬಲ್ಲಿರ್ತಿತ್ತು, ನಾನ್ ಹಿಂದ್ಗಡೆ ಸೀಟಲ್ಲಿರ್ತಿದ್ದೆ. ಯಾರ್ಗೂ ಬ್ಯಾಡ್ದೆ ಇರೋದ್ನ ಕೊಟ್ಟೆ ನೋಡು, ಅದ್ಕೇ ಅದೊಂದು ನಂದಾಗಿ ಉಳ್ಕತ್ತು. ದೊಡ್ ಉಪಕಾರ ಮಾಡ್ದೆ ಕಣಪ್ಪ ನೀನು. ಗೊತ್ತಿಲ್ದೆ ಮಾಡ್ದೆ. ಗೊತ್ತಿದ್ರೆ ಮಾಡ್ತಿರ್ಲಿಲ್ಲ."

ಚಲುವರಾಜು ಕೆಮ್ಮಿದರು. "ಸರಿ ಕಣವ್ವ, ಬಿಸಿಲಾಯ್ತು, ಓಗವಾ" ಎಂದು ಹಿಂದಿನ ಬಾಗಿಲಿಗೆ ಕೈ ಹಾಕಿದರು. ಅದು ತೆರೆಯಲಿಲ್ಲ.

"ಇದ್ನ ಮುಟ್ಟಕ್ಕಿಲ್ಲ ಅಂತ ಊಟದ ಮನೇಲಿ ಮಾತ್ ಕೊಟ್ಟಿದ್ದೀರಿ ಮಾವ. ನಂಗೆ ಮಧ್ಯಾಹ್ನ ಪರೀಕ್ಷೆ ಡ್ಯೂಟಿ ಅದೆ" ಎಂದು ನಿಖಿತಾ ಗೇರು ಹಾಕಿದಳು. ಗೇರು ಮುರಿಯಲಿಲ್ಲ. ಕಾರು ಗೇಟು ದಾಟಿ ಮಳವಳ್ಳಿಯ ರಸ್ತೆಯ ಕಡೆ ಹೋಯಿತು.

ಬೀಗರಿಬ್ಬರೂ ಬಸ್ ಸ್ಟ್ಯಾಂಡಿನವರೆಗೆ ನಡೆದರು. ಮದ್ದೂರಿನ ಬಸ್ಸು ಬಂದಾಗ ಚಲುವರಾಜು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು.

"ಅಲ್ಲ ಬೀಗ್ರೆ, ನೀವ್ ಒಸದೇ ಕೊಟ್ಟಿದ್ರೆ ಈ ಎಣ್ಣು ಮನೇಲಿರ್ತಿತ್ತು" ಎಂದರು. ನಿಜವಾದ ಬೇಸರವಿತ್ತು ಆ ಮಾತಿನಲ್ಲಿ.

ಬಸ್ಸು ಹೊರಟಿತು. ಹೆತ್ತ ಮಗಳಿಗೆ ಜೀವಮಾನದಲ್ಲಿ ತಾವು ಮಾಡಿದ ಒಂದೇ ಒಂದು ಒಳ್ಳೆಯದು ತಮ್ಮ ಜಿಪುಣತನದಿಂದ ಆದದ್ದು, ಅದನ್ನೂ ಇವತ್ತು ಕೈಮುಗಿದು ಕೆಡಿಸಲು ಹೋದದ್ದೂ ತಾವೇ ಎಂಬುದು ರಾಮಲಿಂಗಯ್ಯನವರಿಗೆ ಆ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಹೊಳೆಯಿತು. ನಾಚಿಕೆಯಿಂದ ಅವರ ಕಿವಿ ಕೆಂಪಾಗಿತ್ತು. ಮಳವಳ್ಳಿಯ ಬಸ್ಸು ತುಂಬಿ ತುಳುಕುತ್ತ ಬಂತು. ಮಳವಳ್ಳಿಯವರೆಗೂ ನಿಂತುಕೊಂಡೇ ಹೋದರು.